ಇಬ್ಬರ ಮಾತಿಗೆ ಒಂದೇ ತಂತಿ

ನಮ್ಮ ಲ್ಯಾಬ್ ಮೇಷ್ಟ್ರ ಬಲಗೈ ತೋರುಬೆರಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಮೂವತ್ತು ವರ್ಷ ಬೆಸುಗೆ ಹಾಕಿ, ಬಿಸಿ ಚಿಪ್‌ಗಳನ್ನು ಮುಟ್ಟಿ ಮುಟ್ಟಿ ಚರ್ಮ ನುಣ್ಣಗಾಗಿತ್ತು. ನಾನು ಡಿಪ್ಲೊಮಾ ಓದುತ್ತಿದ್ದ ಸಾಗರದ ಕಾಲೇಜಿಗೆ ಬೆರಳೊತ್ತುವ ಹಾಜರಿ ಯಂತ್ರ ಬಂದಾಗ, ಅದು ದಿನವೂ ಅವರನ್ನು ಒಲ್ಲೆ ಎನ್ನುತ್ತಿತ್ತು. "ಇದ್ಕೆ ನಾನು ಬಂದಿದ್ದೇ ಗೊತ್ತಾಗಲ್ಲ ಮಾರಾಯ್ತಿ" ಎಂದು ನಕ್ಕು ಪುಸ್ತಕದಲ್ಲಿ ಸಹಿ ಹಾಕುತ್ತಿದ್ದರು. ವರ್ಷ ವರ್ಷವೂ ನವೀಕರಿಸುವ ಹಂಗಾಮಿ ಕೆಲಸ ಅವರದು. ಆ ನಗುವಿನೊಳಗೆ ಎಷ್ಟು ಅಂಜಿಕೆಯಿತ್ತೋ, ಆಗ ನನಗೆ ತಿಳಿಯಲಿಲ್ಲ.

ಮೇಷ್ಟ್ರು ಹೊಸನಗರದಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ಚೀಲದಲ್ಲಿ ಊಟದ ಡಬ್ಬಿಯ ಜೊತೆ ಇನ್ನೊಂದು ಡಬ್ಬಿ, ಅದರ ತುಂಬ ಹಾಳಾದ ಟಿವಿಗಳಿಂದ ಕಿತ್ತ ಡಯೋಡುಗಳು. ಹೊಸದು ಕೇಳಿದರೆ ಕೊಡುವವರಿರಲಿಲ್ಲ. ಲ್ಯಾಬಿನ ಮೈಕ್ರೋಕಂಟ್ರೋಲರ್ ಬೋರ್ಡುಗಳೂ ಹಳೆಯವೇ. ಹೊರಗಿನ ಸಾಧನದ ಮಾತು ಕೇಳಲು ಒಂದೊಂದಕ್ಕೆ ಒಂದೇ ಸೀರಿಯಲ್ ಪೋರ್ಟ್. ಎರಡು ಸಾಧನ ಜೋಡಿಸಬೇಕೆಂದರೆ ಎರಡೂ ಒಂದೇ ತಂತಿಯಲ್ಲಿ ಸರದಿ ಪ್ರಕಾರ ಮಾತಾಡಬೇಕು. ಅದನ್ನು ಕಲಿಸುವಾಗ ನನ್ನನ್ನೂ ಗೆಳತಿಯನ್ನೂ ನಿಲ್ಲಿಸಿ, ಬೇರೆ ಬೇರೆ ಪುಟ ಒಟ್ಟಿಗೇ ಜೋರಾಗಿ ಓದಿಸಿದರು. ಕ್ಲಾಸಿಗೆ ಕ್ಲಾಸೇ ನಕ್ಕಿತು.

"ಈಗ ಎಂತ ಕೇಳ್ತು? ಎಂತದೂ ಇಲ್ಲ. ಯಾರ ಹೆಸ್ರು ಕರೀತಾರೋ ಅವ್ರು ಮಾತಾಡ್ಬೇಕು, ಉಳಿದವ್ರು ಬಾಯಿ ಮುಚ್ಚಿರ್ಬೇಕು."

ನಡುವೆ, ಕರೆಂಟನ್ನು ಒಂದೇ ಕಡೆಗೆ ಬಿಡುವ ಡಯೋಡ್ ಹಾಕದೆ ಎರಡರ ತಂತಿಗಳನ್ನು ನೇರ ಸೇರಿಸಿದರೆ ಒಂದು ಇನ್ನೊಂದನ್ನು ಸುಟ್ಟೀತು ಎಂದು ನೂರು ಸಲ ಹೇಳಿದ್ದರು.

ಕೊನೆಯ ವರ್ಷ ನಮ್ಮದು ಕಾಳುಮೆಣಸಿನ ತೂಕ, ತೇವ ಎರಡನ್ನೂ ಒಟ್ಟಿಗೆ ತೋರಿಸುವ ಪ್ರಾಜೆಕ್ಟ್. ತೇವ ಅಳೆಯುವ ಮಾಪಕವನ್ನು ಆಡಳಿತ ಮಂಡಳಿಯವರು ಯಾರಿಂದಲೋ ಎರವಲು ತಂದಿದ್ದರು. ಬೆಸೆಯುವ ಕೆಲಸ ನನ್ನದು. ತೀರ್ಥಹಳ್ಳಿಯ ಬಸ್ಸು ತಪ್ಪಿಹೋದೀತೆಂಬ ಅವಸರಕ್ಕೆ ಡಯೋಡ್ ಹಾಕದೆ ತಕ್ಕಡಿಯ ಮತ್ತು ಮಾಪಕದ ತಂತಿಗಳನ್ನು ನೇರ ಸೇರಿಸಿಬಿಟ್ಟೆ. ಒಂದೆರಡು ನಿಮಿಷ ಓಡಿಸಿ ನೋಡಿದೆ, ಏನೂ ಆಗಲಿಲ್ಲ. ನಾಳೆ ಹಾಕಿದರಾಯಿತು ಅಂದುಕೊಂಡವಳು ಮರೆತೆ.

ಮರುದಿನ ಮಂಡಳಿಯವರ ಎದುರಿಗೇ ಮಾಪಕದಿಂದ ಸುಟ್ಟ ವಾಸನೆ ಬಂತು. ಮೇಷ್ಟ್ರು ಬೋರ್ಡನ್ನು ಮಗುಚಿ ನೋಡಿದರು. ಆಮೇಲೆ ಒಂದು ಸಲ ನನ್ನ ಕಡೆ ನೋಡಿದರು.

"ಯಾರ್ರೀ ಇದನ್ನ ಜೋಡಿಸಿದ್ದು?" ಪ್ರಾಂಶುಪಾಲರು ಕೇಳಿದರು.

"ನಾನೇ ಸರ್. ಕಣ್ತಪ್ಪಿಂದ ಆಯ್ತು" ಎಂದರು ಮೇಷ್ಟ್ರು.

ನಾನು ಬಾಯಿ ಬಿಡಲಿಲ್ಲ. ಅಂಕ, ಅಪ್ಪನ ಸಿಟ್ಟು, ಎದುರು ಕೂತಿದ್ದ ದೊಡ್ಡವರ ಮುಖ, ಎಲ್ಲಕ್ಕೂ ಹೆದರಿದೆ. ಆಮೇಲಾದರೂ ಹೇಳಬಹುದಿತ್ತು. ಹೇಡಿ ನಾನು, ಹೇಳಲಿಲ್ಲ. ಮುಂದಿನ ವರ್ಷ ಅವರ ಕೆಲಸ ನವೀಕರಣವಾಗಲಿಲ್ಲ. ಹೊಸನಗರದ ಬಸ್ ಸ್ಟ್ಯಾಂಡಿನ ಎದುರು ಮಿಕ್ಸಿ ರಿಪೇರಿ ಅಂಗಡಿ ಹಾಕಿದ್ದಾರೆಂದು ಗೆಳತಿಯಿಂದ ತಿಳಿಯಿತು.

ನನಗೆ ಸಾಗರದಲ್ಲೇ ಕೆಲಸ ಸಿಕ್ಕಿತು. ನನ್ನೂರು ತೀರ್ಥಹಳ್ಳಿಗೆ ಹೋಗುವ ಬಸ್ಸು ಆ ಅಂಗಡಿಯ ಎದುರಿಗೇ ನಿಲ್ಲುತ್ತಿತ್ತು. ಮೇಜಿನ ಮೇಲೆ ಬಗ್ಗಿದ ಅವರ ನರೆತ ತಲೆ ಕಾಣುತ್ತಿತ್ತು. ಪ್ರತಿ ಸಲವೂ ನಾನು ತಲೆ ತಗ್ಗಿಸಿ, ಬಸ್ಸು ಹೊರಡುವವರೆಗೆ ಮೊಬೈಲ್ ನೋಡುತ್ತ ಕೂರುತ್ತಿದ್ದೆ.

ಅವರು ತೀರಿಕೊಂಡ ಸುದ್ದಿ ಬಂದ ವಾರ ಮೊದಲ ಸಲ ಅಲ್ಲಿ ಇಳಿದೆ. ಮನೆಗೆ ಹೋಗಿ ಅವರ ಹೆಂಡತಿಯ ಎದುರು ಕೂತು, ಆ ತಂತಿ ಬೆಸೆದವಳು ನಾನು ಎಂದೆ.

"ಗೊತ್ತಮ್ಮ" ಎಂದರು ಅವರು. "ಅವತ್ತು ಮನೆಗೆ ಬಂದವ್ರೇ ಹೇಳಿದ್ರು. ನಾನು ಬೈದೆ. 'ಪಾಪ, ಹೆದ್ರಿದಾಳೆ, ಒಂದಿನ ಅವಳೇ ಬಂದು ಹೇಳ್ತಾಳೆ ಬಿಡು' ಅಂದ್ರು. ತೀರ್ಥಹಳ್ಳಿ ಬಸ್ಸು ನಿಂತಾಗೆಲ್ಲ ತಲೆ ಎತ್ತಿ ನೋಡೋರು."