ಮೂಗಿನಿಂದ ಹೊರಟ ನರಕೋಶಗಳು

ಮೈಕ್ರಾನಕ್ಕ ಎಂದೇ ನಾವು ಕರೆಯುತ್ತಿದ್ದ ಅಕ್ಕ ನಮ್ಮ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ಒಂದೇ ಕೆಲಸ ಮಾಡಿದವರು: ಮೇಣದಲ್ಲಿ ಹುದುಗಿಸಿದ ಅಂಗಾಂಶವನ್ನು ಎಂಟು ಮೈಕ್ರಾನ್ ದಪ್ಪಕ್ಕೆ, ಅಂದರೆ ಕೂದಲೆಳೆಯ ಸುಮಾರು ಎಂಟನೇ ಒಂದು ಪಾಲಿಗೆ, ಕತ್ತರಿಸಿ ಗಾಜಿನ ಮೇಲೆ ಸುಕ್ಕಿಲ್ಲದಂತೆ ಕೂರಿಸುವುದು. ಮೇಣ ಕರಗಿಸುವ ಕ್ಸೈಲೀನ್ ದ್ರಾವಣದ ಸೀಸೆ ತೆರೆದರೆ ನಾವೆಲ್ಲ ಮೂಗು ಹಿಡಿದು ಕಿಟಕಿಗೆ ಓಡುತ್ತಿದ್ದೆವು. ಅವರು ಕದಲುತ್ತಿರಲಿಲ್ಲ. ಹುಟ್ಟಿನಿಂದಲೇ ಅವರಿಗೆ ವಾಸನೆ ತಿಳಿಯದು. "ಈ ಕೆಲಸಕ್ಕೇ ಅಂತ ಹೇಳಿ ಮಾಡಿಸಿದ ಮೂಗು," ಎಂದು ನಗುತ್ತಿದ್ದರು.

ಅವರಿಗಿದ್ದ ಚಿಂತೆ ಒಂದೇ. ತಂಗಿಯ ಮಗಳಿಗೆ ಹದಿನೇಳು ತುಂಬಿದರೂ ಮುಟ್ಟಾಗಿರಲಿಲ್ಲ. ಗೆಳತಿಯರು "ಪಾಪು" ಎಂದು ರೇಗಿಸುತ್ತಾರೆಂದು ಹುಡುಗಿ ಕಾಲೇಜಿಗೆ ಹೋಗುವುದನ್ನೇ ಬಿಟ್ಟಿದ್ದಳು. ಇಬ್ಬರು ವೈದ್ಯರು ಟಾನಿಕ್ ಬರೆದಿದ್ದರು. ತಂಗಿಯದು ಒಂದೇ ಮಾತು: "ತಾನಾಗೇ ಆಗತ್ತೆ, ಬಿಡಕ್ಕ."

ಆ ವರ್ಷ ನಾನು ಹುಡುಕುತ್ತಿದ್ದದ್ದು, ದೇಹ ಪ್ರಾಯಕ್ಕೆ ಬರಲು ಹಾರ್ಮೋನಿನ ಮೂಲಕ ಆಜ್ಞೆ ಕಳಿಸುವ ನರಕೋಶಗಳನ್ನು. ಹನ್ನೆರಡು ದಿನದ ಇಲಿ ಭ್ರೂಣಗಳ ತಲೆಯಿಂದ ಮೂಗು ಕತ್ತರಿಸಿ ಬೇರೆ ಮಾಡಿ, ಮಿದುಳನ್ನಷ್ಟೇ ಅಕ್ಕನಿಗೆ ಕೊಟ್ಟೆ. ಆ ಕೋಶಗಳನ್ನಷ್ಟೇ ಕಂದಾಗಿಸುವ ಬಣ್ಣ ಹಾಕಿ ನೋಡಿದರೆ, ಅದರಲ್ಲಿ ಒಂದೂ ಸಿಗಲಿಲ್ಲ.

"ಬಣ್ಣ ಸರಿಯಾಗಿ ಹತ್ತಿಲ್ಲ ಅನ್ಸತ್ತೆ ಅಕ್ಕ," ಎಂದೆ.

"ಕುಣಿಯೋಕೆ ಬರ್ದೋಳು ನೆಲ ಡೊಂಕು ಅಂದ್ಲಂತೆ! ಮೂಗೆಲ್ಲಿ?"

"ಮಿದುಳಿನ ಕೆಲಸಕ್ಕೆ ಮೂಗ್ಯಾಕೆ?"

ಅಕ್ಕ ಡ್ರಾಯರ್ ಎಳೆದರು. ನಾನು ಬಿಸಾಡಿದ್ದ ಮೂಗಿನ ತುಣುಕುಗಳು ತಾರೀಖಿನ ಚೀಟಿ ಸಮೇತ ಮೇಣದಲ್ಲಿದ್ದವು. ಏನನ್ನೂ ಎಸೆಯಬಾರದೆಂಬುದು ಅವರ ಪದ್ಧತಿ.

ಮರುದಿನ ಅವುಗಳನ್ನು ಕತ್ತರಿಸಿ, ಅದೇ ಬಣ್ಣ ಹಾಕಿ, ಅಕ್ಕನೇ ಮೊದಲು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. "ಬಾರೇ ಇಲ್ಲಿ. ಇರುವೆ ಸಾಲು ಹೊರಟ ಹಾಗಿದೆ."

ನಿಜ. ಕಂದು ಕೋಶಗಳು ಮೂಗಿನಿಂದ ಮಿದುಳಿನ ದಿಕ್ಕಿಗೆ ಒಂದರ ಹಿಂದೊಂದು ಹೊರಟಿದ್ದವು. ಮೊದಲೇ ಓದಬೇಕಿದ್ದ ಪುಟಗಳನ್ನು ಆಗ ಓದಿ ಅಕ್ಕನಿಗೆ ಹೇಳಿದೆ: ಇವು ಹುಟ್ಟುವುದು ಮೂಗಿನಲ್ಲಿ, ವಾಸನೆಯ ನರವನ್ನು ಹಿಡಿದುಕೊಂಡು ಮಿದುಳು ಸೇರುತ್ತವೆ.

"ಆ ನರಾನೇ ಸರಿಯಾಗಿ ಬೆಳೀದಿದ್ರೆ?"

"ದಾರೀಲೇ ನಿಂತ್ಬಿಡ್ತವೆ. ವಾಸನೇನೂ ಗೊತ್ತಾಗಲ್ಲ, ಪ್ರಾಯಾನೂ ಬರಲ್ಲ. ಒಂದೇ ಮನೇಲಿ ಕೆಲವ್ರಿಗೆ ವಾಸನೆ ಮಾತ್ರ ಇಲ್ದೆ ಇರಬಹುದು."

ಅಕ್ಕ ಕುಂಚ ಕೆಳಗಿಟ್ಟರು. "ನಮ್ಮ ಹುಡುಗಿ ಹಾಲು ಸೀದು ಕರಕಲಾದ್ರೂ ಪಕ್ಕದಲ್ಲೇ ಓದ್ತಾ ಕೂತಿರ್ತಾಳೆ ಕಣೇ. ಸೋಮಾರಿ ಅಂತ ಬೈತಿದ್ವಿ."

ಆ ವಾರವೇ ಅವಳನ್ನು ಹಾರ್ಮೋನ್ ತಜ್ಞರ ಬಳಿ ಕರೆದೊಯ್ದರು. ಕರವಸ್ತ್ರದಲ್ಲಿ ಸುತ್ತಿ ಸ್ಲೈಡನ್ನೂ ಒಯ್ದಿದ್ದರು.

"ಇದು ಇಲೀದಲ್ವೇನಮ್ಮ?" ಎಂದರು ವೈದ್ಯರು.

"ಹೌದು ಸಾರ್. ಆದ್ರೆ ದಾರಿ ಅದೇ ತಾನೆ?"

ವೈದ್ಯರು ಹುಡುಗಿಯ ಕಣ್ಣು ಮುಚ್ಚಿಸಿ ಕಾಫಿಪುಡಿ ಹಿಡಿದರು, ಆಮೇಲೆ ಸೋಪು. ಎರಡಕ್ಕೂ ಅವಳು, "ಏನಾದ್ರೂ ಹಿಡಿದಿದ್ದೀರಾ?" ಎಂದಳು. ರಕ್ತಪರೀಕ್ಷೆ, ತಲೆಯ ಸ್ಕ್ಯಾನ್ ಅನುಮಾನವನ್ನು ಖಚಿತಪಡಿಸಿದವು. ವಾಸನೆ ಬರಿಸಲಾಗದು, ಉಳಿದದ್ದಕ್ಕೆ ಔಷಧವಿದೆ ಎಂದರು.

ಒಂದೂವರೆ ವರ್ಷದ ಮೇಲೆ, ಅಕ್ಕ ಕತ್ತರಿಸುತ್ತಿರುವಾಗಲೇ ಫೋನ್ ಬಂತು. ಕೈಯಲ್ಲಿ ಮೇಣವಿದ್ದುದರಿಂದ ನಾನೇ ಅವರ ಕಿವಿಗೆ ಹಿಡಿದೆ.

"ದೊಡ್ಡಮ್ಮ, ಆಯ್ತು!"

ಅಕ್ಕ ಮೊದಲ ಬಾರಿಗೆ ಒಂದು ಪದರ ಹರಿದರು. ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದರು.

"ಅಲ್ವೇ, ಅಷ್ಟು ಚಿಕ್ಕ ಕೋಶಕ್ಕೆ ಎಲ್ಲಿ ನಿಲ್ಬೇಕು ಅಂತ ಹೇಗೆ ಗೊತ್ತಾಗತ್ತೆ?"

"ಅದಿನ್ನೂ ಪೂರ್ತಿ ಗೊತ್ತಿಲ್ಲ ಅಕ್ಕ."

"ಮತ್ತೆ ಸುಮ್ನೆ ಯಾಕೆ ನಿಂತಿದ್ದೀಯ? ಇನ್ನೊಂದು ತಲೆ ಕೊಡು. ಮೂಗಿನ ಸಮೇತ."