ಉಜ್ಜನಪ್ಪ ಆರಿಸಿದ ಗಾಡಿ

ಗುತ್ತೂರಿನ ಉಜ್ಜನಪ್ಪ ಕೆಟ್ಟವನಲ್ಲ. ಕುಡಿಯುತ್ತಿರಲಿಲ್ಲ, ಇಸ್ಪೀಟು ಮುಟ್ಟುತ್ತಿರಲಿಲ್ಲ, ದುಡಿದದ್ದನ್ನು ತಂದು ಅವ್ವನ ಕೈಗೆ ಕೊಡುತ್ತಿದ್ದ. ಅವನಿಗಿದ್ದದ್ದು ಒಂದೇ ರೋಗ. ಪಂಕ್ತಿಯಲ್ಲಿ ಊಟಕ್ಕೆ ಕೂತರೆ ತನ್ನ ಎಲೆಯ ಹೋಳಿಗೆಗಿಂತ ಪಕ್ಕದ ಎಲೆಯ ಹೋಳಿಗೆಯೇ ಅವನಿಗೆ ದೊಡ್ಡದಾಗಿ ಕಾಣುತ್ತಿತ್ತು. ಚಿಕ್ಕವನಿದ್ದಾಗ ತಂಗಿ ಹುಟ್ಟಿದಳೆಂದು ಕೇರಿಯವರೆಲ್ಲ ಸಕ್ಕರೆ ತಿನ್ನುತ್ತಿದ್ದರೆ ಇವನು ಬಾಗಿಲ ಹಿಂದೆ ನಿಂತು, "ಅದನ್ನ ವಾಪಸ್ ಕೊಟ್ಟು ಬರ್ರಿ" ಎಂದು ಅತ್ತಿದ್ದನಂತೆ. ಆಮೇಲೆ ಅದೇ ತಂಗಿಯನ್ನು ಹೆಗಲ ಮೇಲೆ ಹೊತ್ತು ಊರೆಲ್ಲ ತಿರುಗಿದ, ಆ ಮಾತು ಬೇರೆ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಅವನ ಅವ್ವ ಕೊಟ್ರವ್ವ ಆಗಾಗ ಅನ್ನುತ್ತಿದ್ದದ್ದು ಸುಮ್ಮನೆ ಅಲ್ಲ.

ಆ ತಂಗಿ ಅಕ್ಕನಾಗಮ್ಮ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಕಾರಿನಲ್ಲಿ. ಹರಿಹರದ ಜಮಾಲ್ ಸಾಬರು ತಮ್ಮ ಬಾಡಿಗೆ ಅಂಬಾಸಿಡರ್‌ನಲ್ಲಿ ಕೊಟ್ರವ್ವನನ್ನು ದಾವಣಗೆರೆಯ ದೊಡ್ಡಾಸ್ಪತ್ರೆಗೆ ಕರೆದೊಯ್ಯುವಾಗ ಬಾತಿ ಗುಡ್ಡದ ಹತ್ತಿರ ಹೆರಿಗೆ ಆಗಿಹೋಯಿತು. ಸಾಬರು ಗಾಡಿ ನಿಲ್ಲಿಸಿ, ಕೆಳಗಿಳಿದು, ಗಾಡಿಗೆ ಬೆನ್ನು ಮಾಡಿ ನಿಂತು, ಹೋಗುವ ಬರುವ ಲಾರಿಗಳನ್ನು ಕೈಬೀಸಿ ದೂರ ಸರಿಸಿದರಂತೆ. ತಾಯಿಯೂ ಗಟ್ಟಿ, ಮಗುವೂ ಗಟ್ಟಿ. ಅಂದಿನಿಂದ ಆ ಗಾಡಿಗೊಂದು ಹೆಸರು ಬಂತು. ಮನೆಗೆ ಬಂದ ಸೊಸೆಯ ಕಾಲ್ಗುಣ ಹೇಳುವ ಹಾಗೆ ಗುತ್ತೂರಿನವರು ಆ ಗಾಡಿಯ ಕಾಲ್ಗುಣ ಹೇಳತೊಡಗಿದರು. ಯಾವ ಮನೆಯ ಬಸುರಿಗೆ ನೋವು ಶುರುವಾದರೂ "ಜಮಾಲ್ ಸಾಬ್ರ ಗಾಡಿಗೆ ಹೇಳ್ರಿ" ಎಂಬುದೇ ಮೊದಲ ಮಾತು, ಗಂಡನಿಗೆ ಹೇಳಿಕಳಿಸುವುದು ಆಮೇಲಿನದು.

ಉಜ್ಜನಪ್ಪ ಸ್ಟೇರಿಂಗ್ ಹಿಡಿಯಲು ಕಲಿತದ್ದೂ ಅದೇ ಗಾಡಿಯಲ್ಲಿ. ಅವನ ಜೊತೆಗೆ ಕಲಿತವನು ಸಾಬರ ಅಕ್ಕನ ಮಗ ತಾರಿಕ್. ಇಬ್ಬರೂ ಒಂದೇ ವಾರಿಗೆಯವರು, ಒಂದೇ ಪೇಪರಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದವರು. ಆದರೂ ಉಜ್ಜನಪ್ಪನ ಪಾಲಿಗೆ ತಾರಿಕ್ ಎಂದರೆ ಪಕ್ಕದ ಎಲೆ. ತಾರಿಕ್ ಗೇರು ಬದಲಿಸಿದರೆ ಸದ್ದೇ ಬರುತ್ತಿರಲಿಲ್ಲ, ಇವನು ಬದಲಿಸಿದರೆ ಗಾಡಿ ಗೊರ್ ಎನ್ನುತ್ತಿತ್ತು. ತಾರಿಕ್ ನಕ್ಕರೆ ಗಿರಾಕಿಗಳು ಮುಂದಿನ ಸಲವೂ ಅವನನ್ನೇ ಕೇಳಿಕೊಂಡು ಬರುತ್ತಿದ್ದರು, ಇವನು ನಕ್ಕರೆ ಯಾಕೆ ನಕ್ಕನೋ ಎಂದು ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ತಾರಿಕ್‌ನ ಕೂದಲು ಕೂಡ ಗಾಳಿಗೆ ಚೆಂದವಾಗಿ ಹಾರುತ್ತಿತ್ತು. ಇಂಥದ್ದನ್ನೆಲ್ಲ ನೆನಪಿಟ್ಟುಕೊಂಡು ಹೊಟ್ಟೆ ಉರಿದುಕೊಳ್ಳುವುದೂ ಒಂದು ದುಡಿಮೆಯೇ. ಉಜ್ಜನಪ್ಪ ಆ ದುಡಿಮೆಗೆ ಒಂದು ದಿನವೂ ರಜೆ ಹಾಕಲಿಲ್ಲ.

ದಾವಣಗೆರೆ ಜಿಲ್ಲೆಯಾದ ಮರುವರ್ಷ ಜಮಾಲ್ ಸಾಬರ ಕಣ್ಣಿಗೆ ಪೊರೆ ಬಂತು. ಊರಿಗೆ ಹೊಸ ಹೊಸ ಆಫೀಸುಗಳು ಬಂದು ಬಾಡಿಗೆ ಕಾರಿಗೆ ಬೇಡಿಕೆ ಏರಿದ್ದ ಕಾಲ ಅದು. ಸಂಬಳಕ್ಕೆ ಕಂಡವರ ಗಾಡಿ ಓಡಿಸುತ್ತಿದ್ದ ಹುಡುಗರೆಲ್ಲ ಸ್ವಂತ ಗಾಡಿಯ ಕನಸು ಕಾಣುತ್ತಿದ್ದರು, ಉಜ್ಜನಪ್ಪ ಮತ್ತು ತಾರಿಕ್ ಕೂಡ. ಸಾಬರು ಅಂಬಾಸಿಡರ್ ಕೊಟ್ಟುಬಿಡಬೇಕೆಂದು ನಿರ್ಧರಿಸಿದ ಹೊತ್ತಿಗೇ ಮಂಡಿಪೇಟೆಯ ಸಗಟು ವ್ಯಾಪಾರಿ ರುದ್ರಮುನಿ ಸಾಹುಕಾರರು, ತಮ್ಮ ಹಳೆಯ ಕಾಂಟೆಸ್ಸಾ ಕಾರು ಮಾರುವುದಿದೆ, ನಿಮ್ಮ ಹುಡುಗರು ಯಾರಾದರೂ ಇದ್ದರೆ ಕಳಿಸಿ ಎಂದು ಹೇಳಿಕಳಿಸಿದರು. ಎರಡಕ್ಕೂ ಬೆಲೆ ಹೆಚ್ಚುಕಮ್ಮಿ ಒಂದೇ. ಸಾಬರು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು.

"ನೋಡು ಉಜ್ಜಾ, ನಿನ್ನ ತಂಗಿ ಹುಟ್ಟಿದ ಗಾಡಿ ಇದು. ಅದಕ್ಕ ಮೊದಲು ನೀನು ಆರಿಸ್ಕೋ. ನೀನು ಬಿಟ್ಟಿದ್ದು ತಾರಿಕ್ ತಗಂತಾನೆ. ಸಾಹುಕಾರ್ರ ಗಾಡೀನೂ ನೋಡ್ಕಂಡ್ ಬರ್ರಿ, ಆಮ್ಯಾಲೆ ಹೇಳ್ರಿ."

ಬೇರೆಯವರಿಗಾಗಿದ್ದರೆ ಇದು ಹಿಗ್ಗುವ ಮಾತು. ಉಜ್ಜನಪ್ಪನಿಗೆ ಸಂಕಟ ಶುರುವಾಯಿತು. ತನಗೆ ಯಾವುದು ಬೇಕು ಎಂಬ ಪ್ರಶ್ನೆ ಅವನ ತಲೆಗೆ ಬರಲೇ ಇಲ್ಲ. ತಾರಿಕ್‌ಗೆ ಯಾವುದು ಬೇಕು ಎಂದು ಮೊದಲು ಪತ್ತೆ ಮಾಡಬೇಕಿತ್ತು.

ಕಾಂಟೆಸ್ಸಾ ನಿಂತಿದ್ದದ್ದು ಸಾಹುಕಾರರ ಗೋದಾಮಿನಲ್ಲಿ, ಉಪ್ಪಿನ ಮೂಟೆಗಳ ಪಕ್ಕ. ಆಳು ಬಂದು ಮೇಲಿನ ಧೂಳು ಒರೆಸಿದಾಗ ಬಿಳಿಯ ಮೈ ಫಳಫಳ ಹೊಳೆಯಿತು. ಉದ್ದನೆಯ ಮೂತಿ, ಸೋಫಾದಂಥ ಸೀಟು. ಅದರ ಮುಂದೆ ಜಮಾಲ್ ಸಾಬರ ಅಂಬಾಸಿಡರ್ ಎಂದರೆ ಮದುವೆ ಮನೆಗೆ ನಿತ್ಯದ ಸೀರೆ ಉಟ್ಟು ಬಂದ ಅತ್ತೆಯ ಹಾಗೆ. ಆದರೆ ಉಜ್ಜನಪ್ಪ ನೋಡುತ್ತಿದ್ದದ್ದು ಕಾರನ್ನಲ್ಲ, ತಾರಿಕ್‌ನ ಮುಖವನ್ನು. ತಾರಿಕ್ ಗಾಡಿಯ ಸುತ್ತ ಬಂದ. ಮೊಣಕಾಲೂರಿ ಬಗ್ಗಿದ. ಸಾಲದು ಎಂಬಂತೆ ಅಂಗಾತ ಮಲಗಿ ಗಾಡಿಯ ಕೆಳಗೆ ನುಸುಳಿ, ಎಷ್ಟೋ ಹೊತ್ತು ಹೊರಗೇ ಬರಲಿಲ್ಲ. ಬಂದವನು ಬಾಗಿಲು ತೆಗೆದು, ಒಳಗೆ ಹಾಸಿದ್ದ ಕಾರ್ಪೆಟ್ಟನ್ನು ಎತ್ತಿ, ಬೆರಳ ಗೆಣ್ಣಿನಿಂದ ತಟ್ಟಿ ತಟ್ಟಿ ಕಿವಿಗೊಟ್ಟು ಕೇಳಿದ. ಹೆಣ್ಣು ನೋಡಲು ಬಂದವನು ಕೂಡ ಇಷ್ಟು ನೋಡುವುದಿಲ್ಲ. ಸಿಕ್ಕಿಬಿದ್ದೆಯಲ್ಲೋ ಮಗನೆ ಎಂದುಕೊಂಡ ಉಜ್ಜನಪ್ಪ.

ಹೊರಗೆ ಬಂದು ಚಹಾ ಕುಡಿಯುವಾಗ ತಾರಿಕ್ ಹೇಳಿದ: "ಬ್ಯಾಡ ಕಣಲೇ ಅದು. ತಳ ಎಲ್ಲಾ ಉಪ್ಪು ತಿಂದು ತುಕ್ಕು ಹಿಡದೈತೆ. ಸುಮ್ನೆ ಅಂಬಾಸಿಡರ್ ತಗಾ."

ಉಜ್ಜನಪ್ಪ ಒಳಗೊಳಗೇ ನಕ್ಕ. ನನಗೆ ಬ್ಯಾಡ ಅಂತ ಹೇಳಿ ತಾನು ಹೊಡಕಳಾಕ ನೋಡ್ತಾನೆ, ನಾನೇನು ನಿನ್ನೆ ಮೊನ್ನೆ ಹುಟ್ಟಿದೋನಾ? ಮರುದಿನ ಸಾಬರ ಮನೆಗೆ ಹೋಗಿ, "ನಂಗೆ ಕಾಂಟೆಸ್ಸಾನೇ ಇರ್ಲಿ ಸಾಬ್ರೇ" ಎಂದ. ಸಾಬರು ತಾರಿಕ್‌ನ ಕಡೆ ನೋಡಿದರು. ತಾರಿಕ್ ಬಾಯಿ ತೆರೆದು, ಏನೂ ಹೇಳದೆ ಮುಚ್ಚಿಕೊಂಡ. ಆ ಮುಚ್ಚಿದ ಬಾಯಿ ಕಂಡು ಉಜ್ಜನಪ್ಪನಿಗಾದ ಸಂತೋಷ ಅಷ್ಟಿಷ್ಟಲ್ಲ. ಅಂದು ಅವ್ವ ಬಡಿದ ರೊಟ್ಟಿಯನ್ನು ಎರಡು ಹೆಚ್ಚೇ ತಿಂದ.

ಆ ಬೇಸಿಗೆಯಲ್ಲಿ ಅವನದೇ ದರ್ಬಾರು. ಮದುವೆ ಗಂಡುಗಳೆಲ್ಲ ಕಾಂಟೆಸ್ಸಾವನ್ನೇ ಕೇಳಿದರು. ಮೂತಿಗೆ ಗುಲಾಬಿ, ಹಿಂದಕ್ಕೆ ಸೇವಂತಿಗೆ ಕಟ್ಟಿಸಿಕೊಂಡು ಅವನು ಹರಿಹರದ ಟ್ಯಾಕ್ಸಿ ಸ್ಟ್ಯಾಂಡಿನ ಮುಂದೆ ಬೇಕೆಂದೇ ನಿಧಾನಕ್ಕೆ ಹಾಯುತ್ತಿದ್ದ. ತಾರಿಕ್ ಕೈ ಎತ್ತಿ ನಗುತ್ತಿದ್ದ. ಅವನು ನಗುವುದೇ ಉಜ್ಜನಪ್ಪನಿಗೆ ಹಿಡಿಸುತ್ತಿರಲಿಲ್ಲ. ಸೋತವನು ಸೋತವನ ಹಾಗಿರಬೇಕಲ್ಲವೇ?

ಆಷಾಢ ಹತ್ತಿರ ಬಂದಾಗ, ವಿದ್ಯಾನಗರದ ಕೊನೆಯ ಮದುವೆಯ ಮೆರವಣಿಗೆಯಲ್ಲಿ, ಇಳಿಯಲೆಂದು ಜೋರಾಗಿ ಕಾಲೂರಿದ ಮದುಮಗನ ಕಾಲು ಕಾರ್ಪೆಟ್ಟಿನ ಸಮೇತ ತಳದಿಂದ ಕೆಳಗೆ ಹೋಯಿತು. ಮದುಮಗ ರಸ್ತೆ ಮುಟ್ಟಿದ, ಗಾಡಿಯಿಂದ ಮಾತ್ರ ಇಳಿದಿರಲಿಲ್ಲ. ಬೀಗರ ಬೈಗುಳ ಕೇಳಿಕೊಂಡು ಬಂದ ಉಜ್ಜನಪ್ಪ, ತೂತಿನ ಮೇಲೆ ಒಂದು ಹಲಗೆ ಇಟ್ಟು ಮತ್ತೆ ಕಾರ್ಪೆಟ್ಟು ಹಾಸಿದ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ಸ್ಟ್ಯಾಂಡಿನವರು ಆಡಿಕೊಂಡರು. ಮಳೆ ಹಿಡಿಯಿತು, ಮದುವೆ ನಿಂತವು, ಪೆಟ್ರೋಲು ಕುಡಿಯುವ ಗಾಡಿ ಯಾರಿಗೂ ಬೇಡವಾಯಿತು. ತಾರಿಕ್‌ನ ಅಂಬಾಸಿಡರ್ ಮಾತ್ರ ಸ್ಟ್ಯಾಂಡಿನಲ್ಲಿ ನಿಂತದ್ದೇ ಕಾಣಲಿಲ್ಲ. ಆಫೀಸಿನವರು, ಬಸುರಿಯರು, ಬಾಣಂತಿಯರು. ಅದು ಈಗ ತಾರಿಕ್‌ನದಾಗಿದ್ದರೂ ಜನ ಅದನ್ನು ಜಮಾಲ್ ಸಾಬ್ರ ಗಾಡಿ ಎಂದೇ ಕರೆಯುತ್ತಿದ್ದರು. ತನ್ನ ಗಾಡಿಯನ್ನು ಬೇರೆಯವರ ಹೆಸರಿನಿಂದ ಕರೆದರೂ ಇವನಿಗೆ ಉರಿಯುವುದಿಲ್ಲವೇ ಎಂದು ಉಜ್ಜನಪ್ಪ ಅದಕ್ಕೂ ಉರಿದುಕೊಂಡ.

ಆಗ ಅವನಿಗೆ ಒಂದು ಆಸೆ ಹುಟ್ಟಿತು. ಅಕ್ಕನಾಗಮ್ಮ ಸೀಮಂತದ ಕುಬಸ ಮುಗಿಸಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅವಳು ಆಸ್ಪತ್ರೆಗೆ ಹೋಗುವುದು ತನ್ನ ಕಾಂಟೆಸ್ಸಾದಲ್ಲಿ. ಜಮಾಲ್ ಸಾಬರ ಗಾಡಿಯಲ್ಲಿ ಹುಟ್ಟಿದವಳೇ ಅಣ್ಣನ ಗಾಡಿಯಲ್ಲಿ ಹೋಗಿ ಹೆತ್ತು ಬಂದಳೆಂದರೆ ಊರಿನ ಬಾಯಲ್ಲಿ ಆ ಕಾಲ್ಗುಣ ಇತ್ತ ಬರದೆ ಎಲ್ಲಿಗೆ ಹೋದೀತು! ಅದಕ್ಕಾಗಿ ಸಿಕ್ಕ ಒಂದೆರಡು ಬಾಡಿಗೆಯನ್ನೂ ಬಿಟ್ಟು ಮನೆಯ ಮುಂದೆಯೇ ಕಾದ. ದಿನಾ ಬೆಳಿಗ್ಗೆ ಗಾಡಿ ತೊಳೆದ.

ಶ್ರಾವಣದ ಒಂದು ಮಧ್ಯಾಹ್ನ, ಜಡಿಮಳೆಯಲ್ಲಿ, ನೋವು ಬಂತು. ಅಪ್ಪ ಫ್ಯಾಕ್ಟರಿ ಕೆಲಸಕ್ಕೆ ಹೋಗಿದ್ದ. ಉಜ್ಜನಪ್ಪ ಗಾಡಿಯನ್ನು ಬಾಗಿಲಿಗೇ ತಂದು, ನಾಲ್ಕು ಮನೆಗೆ ಕೇಳುವ ಹಾಗೆ ಹಾರ್ನ್ ಹೊಡೆದ. ಕೊಟ್ರವ್ವ ಬಾಗಿಲಿಗೆ ಅಡ್ಡ ನಿಂತಳು.

"ಹಲಗಿ ಮ್ಯಾಲೆ ಕುಂದ್ರಿಸಿ ನನ್ನ ಮಗಳನ್ನ ಕಳ್ಸಲ್ಲ. ಜಮಾಲಣ್ಣನ ಗಾಡಿಗೆ ಫೋನ್ ಮಾಡ್ಸೀನಿ, ಬರ್ತೈತೆ."

"ಯವ್ವಾ, ಮನಿ ಮುಂದ ಸ್ವಂತ ಗಾಡಿ ನಿಂತೈತೆ. ಊರಾಗ ನಾನು ಮುಖ ಹೆಂಗ ತೋರಿಸ್ಲಿ?"

"ಮುಖ ಆಮ್ಯಾಲೆ ತೋರಿಸುವಂತಿ."

ಅವನು ತಂಗಿಯ ಕಡೆ ತಿರುಗಿದ. ಅವಳಾದರೂ ತನ್ನ ಪರ ಹೇಳುತ್ತಾಳೆ, ಹೆಗಲ ಮೇಲೆ ಹೊತ್ತು ತಿರುಗಿದ ತಂಗಿ. ಅಕ್ಕನಾಗಮ್ಮ ಕಂಬ ಹಿಡಿದು ನಿಂತಿದ್ದಳು. ಹಣೆಯ ಬೆವರಿಗೆ ಕುಂಕುಮ ಇಳಿದಿತ್ತು.

"ನಿನ್ನ ಗಾಡಿ ಚೆಂದ ಐತೆ ಅಣ್ಣಾ," ಎಂದಳು. "ಆದ್ರೆ ನಂಗೆ ಹೆದರಿಕಿ ಆಗ್ತೈತೆ. ಅದೇ ಬರ್ಲಿ."

ಉಜ್ಜನಪ್ಪ ಮಳೆಯಲ್ಲಿ ಹೋಗಿ ತನ್ನ ಗಾಡಿಗೆ ಒರಗಿ ನಿಂತ. ಅಳು ಬಂದಿತ್ತು. ಬಾಗಿಲ ಹಿಂದೆ ನಿಂತು ಅತ್ತ ಆ ಹುಡುಗ ಇಷ್ಟು ವರ್ಷ ಅವನೊಳಗೇ ಇದ್ದ.

ಅಂಬಾಸಿಡರ್ ಬಂತು. ತಾರಿಕ್ ಇಳಿದವನೇ ಕೀಲಿಯನ್ನು ಉಜ್ಜನಪ್ಪನ ಅಂಗೈಗೆ ಒತ್ತಿದ.

"ನೀನು ಓಡ್ಸಲೇ. ಹೆರಿಗಿ ನೋವು, ನಾನು ಎದುರಿಗಿದ್ರೆ ಅಕ್ಕನಾಗಮ್ಮ ಬಾಯಿಬಿಟ್ಟು ಚೀರಾಕೂ ನಾಚ್ಕಂತಾಳೆ. ನಾ ನಿನ್ನ ಗಾಡಿ ತಗಂಡು ಹಿಂದ ಬರ್ತೀನಿ."

ಬೇಡ ಎನ್ನಲು ಹೊತ್ತಿರಲಿಲ್ಲ. ಹಳೆಯ ಸೀಟು ಅವನ ಬೆನ್ನಿಗೆ ಗುರುತಿದ್ದಂತೆ ತಗ್ಗಿತು. ಸ್ಟೇರಿಂಗ್ ಪಕ್ಕದ ಗೇರಿಗೆ ಕೈ ಹೋಯಿತು. ಅಂದು ಅದು ಗೊರ್ ಎನ್ನಲಿಲ್ಲ. ಹಿಂದಿನಿಂದ ತಂಗಿ ನರಳುವಾಗಲೆಲ್ಲ ಅವನು ಒಂದೊಂದು ಗುಂಡಿಯನ್ನೂ ತಪ್ಪಿಸಿ, ಹಾಲಿನ ಕೊಡ ಹೊತ್ತವನ ಹಾಗೆ ಓಡಿಸಿದ. ಬಾತಿ ಗುಡ್ಡ ಬಂದಾಗ ಕೊಟ್ರವ್ವ, "ಲೇ ಉಜ್ಜಾ, ಇಲ್ಲಿ ಮಾತ್ರ ನಿಲ್ಲಿಸಬ್ಯಾಡಪ್ಪ" ಎಂದಳು. ಆ ನೋವಿನಲ್ಲೂ ಅಕ್ಕನಾಗಮ್ಮ ನಕ್ಕುಬಿಟ್ಟಳು.

ಆಸ್ಪತ್ರೆ ಸೇರಿದ ಸ್ವಲ್ಪ ಹೊತ್ತಿಗೇ ಹೆರಿಗೆಯಾಯಿತು. ಹೆಣ್ಣುಮಗು. ಉಜ್ಜನಪ್ಪ ವರಾಂಡದಲ್ಲಿ ನಿಂತಿದ್ದಾಗ ತಾರಿಕ್ ಬಂದ. ಪ್ಯಾಂಟು ತೊಡೆಯವರೆಗೆ ಕೆಸರು, ಒಂದು ಕಾಲಲ್ಲಿ ಚಪ್ಪಲಿ ಇಲ್ಲ.

"ನಿನ್ನ ಗಾಡಿ ಮುಂದಿನ ತಳಾನೂ ಹೋತಲೇ. ಬ್ರೇಕ್ ಒತ್ತಿದ್ರೆ ಚಪ್ಪಲಿ ರಸ್ತೆಗೆ ಇಳೀತು!" ಹೊಟ್ಟೆ ಹಿಡಿದುಕೊಂಡು ನಕ್ಕ. "ಏನಾತು, ಕೂಸು?"

"ಹೆಣ್ಣು. ಇಬ್ರೂ ಚೆನ್ನಾಗದಾರೆ," ಎಂದ ಉಜ್ಜನಪ್ಪ. ಆಮೇಲೆ ಕೇಳಿದ: "ಅವತ್ತು ಮಂಡಿಪೇಟ್ಯಾಗ ಅದರ ಕೆಳಗ ಮಲಗಿ ಅಷ್ಟೊತ್ತು ಏನು ನೋಡ್ತಿದ್ದಿ?"

"ಉಪ್ಪು ಎಲ್ಲೀತನಕ ತಿಂದೈತೆ ಅಂತ. ಮಾಮು ಹೇಳಿದ್ರು, ಉಜ್ಜಂಗೆ ಹೊಳಪು ಕಂಡ್ರೆ ತಳ ಕಾಣಲ್ಲ, ನೀನು ನೋಡಿ ಅವಂಗೆ ಹೇಳು ಅಂತ. ಹೇಳಿದ್ನಲ್ಲ, ನೀ ಎಲ್ಲಿ ಕೇಳ್ದಿ?"

"ನಿಂಗೆ ಅದು ಬೇಕಿತ್ತು ಅನ್ಕಂಡಿದ್ದೆ."

"ನಂಗೆ ಯಾವ್ದಾದ್ರೂ ನಡೀತಿತ್ತು. ಅದೇ ಬಂದಿದ್ರೆ ಮೊದಲು ತಳಕ್ಕ ವೆಲ್ಡಿಂಗ್ ಮಾಡಿಸ್ತಿದ್ದೆ, ಅಷ್ಟೆ."

ತಾರಿಕ್ ಪ್ಯಾಂಟಿನ ಕೆಸರು ಹಿಂಡುತ್ತ ನಿಂತ. ಅವನ ಗೇರು, ಅವನ ನಗು, ಅವನ ಕೂದಲು, ಅವನ ಗಿರಾಕಿ, ಎಲ್ಲವನ್ನೂ ಕಂಡು ಉರಿದಿದ್ದ ಉಜ್ಜನಪ್ಪನಿಗೆ, ಇಷ್ಟು ವರ್ಷ ಪಕ್ಕದಲ್ಲೇ ಇದ್ದರೂ ಕಾಣದೇ ಹೋದದ್ದು ಅಂದು ಕಂಡಿತು. ಈ ಮನುಷ್ಯನಿಗೆ ಹೊಟ್ಟೆಕಿಚ್ಚೇ ಇರಲಿಲ್ಲ. ಯಾವ ಎಲೆಗೆ ಯಾವ ಹೋಳಿಗೆ ಬಿದ್ದರೂ ತನ್ನದನ್ನು ತಿಂದು ಎದ್ದು ಹೋಗುವವನು. ಅಷ್ಟು ಹಗುರಾಗಿ ಬದುಕಬಹುದೇ? ಅದನ್ನು ಕಂಡು ಉಜ್ಜನಪ್ಪನಿಗೆ ಎಂದೂ ಆಗದಷ್ಟು ಹೊಟ್ಟೆಕಿಚ್ಚಾಯಿತು.

ಕೊಟ್ರವ್ವ ಸಕ್ಕರೆ ಪೊಟ್ಟಣ ತಂದು ಮಗನ ಕೈಗೆ ಕೊಟ್ಟಳು. ಅವನು ಒಂದು ಚಿಟಿಕೆ ತೆಗೆದು ತಾರಿಕ್‌ನ ಬಾಯಿಗೆ ಹಾಕಿದ. ಪಕ್ಕದ ಬೆಂಚಿನಲ್ಲಿ ಕೂತಿದ್ದ ಅಜ್ಜಿಯೊಬ್ಬಳು ಅವರ ಕಡೆ ತಿರುಗಿ, "ಯಾರ ಗಾಡ್ಯಾಗ ಬಂದ್ರಪ್ಪಾ?" ಎಂದು ಕೇಳಿದಳು.

ಉಜ್ಜನಪ್ಪ ಸಕ್ಕರೆ ಪೊಟ್ಟಣವನ್ನು ಅಜ್ಜಿಯ ಮುಂದೆ ಹಿಡಿದ. "ಜಮಾಲ್ ಸಾಬ್ರ ಗಾಡ್ಯಾಗ," ಎಂದ.

"ಓಡಿಸಿದೋನು ಇವನು ಅಜ್ಜಿ," ಎಂದು ತಾರಿಕ್ ಸಕ್ಕರೆ ಬಾಯಲ್ಲೇ ಸೇರಿಸಿದ. "ಹಂಗ ಓಡ್ಸಾಕ ನಂಗೂ ಬರಲ್ಲ."

ಇಂಥ ಮಾತು ತನ್ನ ಬಾಯಿಂದ ಒಂದು ಸಲವೂ ಬರಲಿಲ್ಲವಲ್ಲ ಎಂದು ಉಜ್ಜನಪ್ಪನ ಹೊಟ್ಟೆ ಮತ್ತೆ ಚುರ್ ಎಂದಿತು.