ಶಾಬಾಸ್ ಎಂದರೆ ಕುಣಿಯುವ ಕುದುರೆ

ಎಂಬತ್ತರ ದಶಕದಲ್ಲಿ ನಿಂಬರ್ಗಾದ ನಮ್ಮ ಸೋದರಮಾವನ ಹತ್ತಿರ ಮದುವೆ ಮೆರವಣಿಗೆಗಳಲ್ಲಿ ಕುಣಿಯುವ ಒಂದು ಕುದುರೆ ಇತ್ತು. ಅದರ ಮೇಲೆಯೇ ನಾನು ಸವಾರಿ ಕಲಿಯತೊಡಗಿದೆ. ಚಹಾದಂಗಡಿಯ ಬೆಂಚಿನ ಮೇಲೆ ಕೂತವರೆಲ್ಲ ನನ್ನ ಪರೀಕ್ಷಕರು. ಅವರಲ್ಲಿ ಕತ್ತೆಯನ್ನಾದರೂ ಹತ್ತಿದವನು ಒಬ್ಬನೂ ಇರಲಿಲ್ಲ.

“ಲಗಾಮು ಬಿಗಿ ಹಿಡೀರಿ” ಎಂದು ಒಬ್ಬ ಹೇಳಿದರೆ, “ಅಷ್ಟ್ಯಾಕ ಜಗ್ತೀರಿ, ಅದರ ಬಾಯಿ ಹರೀತದ” ಎಂದು ಇನ್ನೊಬ್ಬ ಹೇಳುವನು. ಊರಿನ ದರ್ಜಿಯಂತೂ, “ಕುದುರಿ ಚಂದ ನಡ್ಯಾಕತ್ತದ್ರಿ. ಮ್ಯಾಲ ಇಟ್ಟ ಗಂಟು ಯಾರದು?” ಎಂದು ಕೇಳಿದ.

ನನಗೆ ತಲೆ ಕೆಟ್ಟಿತು. “ನೀವು ಹೊಲಿದ ಪ್ಯಾಂಟಿನ್ಯಾಗ ಇದಕ್ಕಿಂತ ಚಂದ ಕುಂದ್ರಾಕ ಆಗಂಗಿಲ್ರಿ” ಎಂದೆ.

ಮರುದಿನ ಹಟಕ್ಕೆ ಬಿದ್ದು, ಬೆನ್ನು ನೆಟ್ಟಗೆ ಮಾಡಿಕೊಂಡು ಬೆಂಚಿನ ಮುಂದೆ ಹಾದೆ. ಅದೇ ದರ್ಜಿ ಎದ್ದು ನಿಂತು, “ಶಾಬಾಸ್” ಎಂದ. ಕುದುರೆ ಹಿಂಗಾಲ ಮೇಲೆ ನಿಂತು ಕುಣಿಯಿತು. ನಾನು ತೊಗರಿ ಹೊಟ್ಟಿನ ರಾಶಿಯೊಳಗೆ ಬಿದ್ದೆ.

ಓಡಿ ಬಂದ ಮಾವ ಮೊದಲು ಕುದುರೆಯ ಕಾಲು ತಡವಿ ನೋಡಿದ. ಆಮೇಲೆ, “ಶಾಬಾಸ್ ಅಂದ್ರ ಕುಣೀಬೇಕಂತ ನಾನೇ ಕಲಿಸೇನಿ” ಎಂದ.

“ಮೊದಲೇ ಹೇಳಬಾರದೇನು ಮಾವಾ?”

“ನಿನಗ ಯಾರರ ಶಾಬಾಸ್ ಅಂತಾರಂತ ನನಗೇನ್ ಗೊತ್ತಲೇ.”